ನಿಮಗಿದು ಗೊತ್ತೇ? – ನೂರು ಕಿಲೋದ ಮಾದರಿ ಟ್ಯಾಂಕ್, ಖಾನಾಪುರ ರಸ್ತೆಯ ಕುಶಲ ಕೈಗಳು

ರಿಮೋಟ್ ಹಿಡಿದು ಓಡಿಸುವ ಟ್ಯಾಂಕ್ ಎಂದರೆ ಜಾತ್ರೆಯಲ್ಲಿ ಸಿಗುವ ಆಟಿಕೆ ಕಣ್ಣಮುಂದೆ ಬರುತ್ತದೆ. ಒಂದೂವರೆ ಮೀಟರ್ ಉದ್ದದ, ನೂರು ಕಿಲೋ ಮೀರಿದ ಮಾದರಿಗಳೂ ಇವೆ. ಅವುಗಳ ಬಿಡಿಭಾಗ ಅಂಗಡಿಯಲ್ಲಿ ಸಿಗುವುದು ಅಪರೂಪ. ನಕ್ಷೆ ಬರೆದು, ಎರಕ ಹೊಯ್ಸಿ, ಲೇತ್ ಮೇಲೆ ಕಡೆಸಿ ಮಾಡಿಕೊಳ್ಳಬೇಕು. ಈ ಕೆಲಸ ಬಲ್ಲ ಕೈಗಳಲ್ಲಿ ಹಲವು ಬೆಳಗಾವಿಯ ಉದ್ಯಮಬಾಗದಿಂದ ಪೀರನವಾಡಿ, ಮಚ್ಛೆ ಹಾಯ್ದು ಖಾನಾಪುರಕ್ಕೆ ಹೋಗುವ ಒಂದೇ ರಸ್ತೆಯ ಮೇಲಿವೆ. ಆ ರಸ್ತೆಯನ್ನೂ ಈ ಹವ್ಯಾಸವನ್ನೂ ಕೂಡಿಸುವ ಕೆಲವು ಸಂಗತಿಗಳು ಇಲ್ಲಿವೆ.

ಅಳತೆಯ ಲೆಕ್ಕ

1. ಜಪಾನಿನ ತಮಿಯಾ ಕಂಪನಿ ರೇಡಿಯೋ ಮಾದರಿಗಳಿಗೆ ಕೈಹಾಕಿದ್ದು 1974ರಲ್ಲಿ. ಅದರ ಮೊದಲ ರೇಡಿಯೋ ಮಾದರಿಯೇ ಒಂದು ಟ್ಯಾಂಕ್: 1:16 ಅಳತೆಯ ಅಮೆರಿಕನ್ ಶೆರ್ಮನ್. ಮೇಜಿನ ಮೇಲೆ ಹಿಡಿಸುವವರಿಗೆ ಇಂದಿಗೂ 1:16 ಅಚ್ಚುಮೆಚ್ಚು. ಲೋಹದಲ್ಲಿ ದೊಡ್ಡದಾಗಿ ಕಟ್ಟುವವರ ನೆಚ್ಚಿನ ಅಳತೆ 1:6. ಬ್ರಿಟನ್ನಿನ ಆರ್ಮಾರ್ಟೆಕ್ ಸಂಸ್ಥೆಯ ಹೆಸರು ಬೆಳೆದದ್ದು ಈ ಅಳತೆಯ ಲೋಹದ ಕಿಟ್‌ಗಳಿಂದ.

2. ಚೆನ್ನೈ ಬಳಿಯ ಆವಡಿಯಲ್ಲಿ 1965ರಿಂದ ತಯಾರಾದ ನಮ್ಮ ವಿಜಯಂತ ಟ್ಯಾಂಕ್ ತೋಪಿನ ನಳಿಗೆಯೂ ಸೇರಿ 9.79 ಮೀಟರ್ ಉದ್ದ. 1:6ರಲ್ಲಿ ಅದು 1.63 ಮೀಟರ್. 105 ಮಿ.ಮೀ. ತೋಪಿನ ಬಾಯಿ 17.5 ಮಿ.ಮೀ.ಗೆ ಇಳಿಯುತ್ತದೆ. ಅರ್ಜುನ್ ಟ್ಯಾಂಕಿನ 120 ಮಿ.ಮೀ. ತೋಪು ಸರಿಯಾಗಿ 20 ಮಿ.ಮೀ. ಆಗುತ್ತದೆ.

3. ಉದ್ದ ಆರನೇ ಒಂದಾದರೆ ತೂಕವೂ ಆರನೇ ಒಂದು ಎಂದುಕೊಳ್ಳಬೇಡಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ 216ರಲ್ಲಿ ಒಂದು ಪಾಲಾಗುತ್ತದೆ. 39 ಟನ್ನಿನ ವಿಜಯಂತ ಹಾಗೆ ಸುಮಾರು 180 ಕಿಲೋಗೆ ಇಳಿಯುತ್ತದೆ.

4. ಬಲದ ಲೆಕ್ಕ ಬೇರೆ. ಸರಳಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಕಟ್ಟುಬಿದ್ದದ್ದು. ಅದು ಕುಗ್ಗುವುದು 36 ಪಟ್ಟು ಮಾತ್ರ. ಆದ್ದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಮಾದರಿಯೇ ಅಸಲಿಗಿಂತ ಗಟ್ಟಿ. ಈ ತತ್ವವನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟಿದ್ದಾನೆ.

5. ಅಸಲಿ ಟ್ಯಾಂಕಿನ ಗಂಟೆಗೆ 30 ಕಿ.ಮೀ. ವೇಗ 1:6ರಲ್ಲಿ 5 ಕಿ.ಮೀ., ಅಂದರೆ ಮನುಷ್ಯನ ನಡಿಗೆ. ಗುರುತ್ವ ಮಾತ್ರ ಕುಗ್ಗುವುದಿಲ್ಲ. ಹಾಗಾಗಿ ಮಾದರಿಯ ಕುಲುಕು ಸುಮಾರು ಎರಡೂವರೆ ಪಟ್ಟು ಚುರುಕಾಗಿ ಕಾಣುತ್ತದೆ. ವಿಡಿಯೋವನ್ನು ಅಷ್ಟೇ ಪಟ್ಟು ನಿಧಾನಿಸಿದರೆ ಟನ್ನುಗಟ್ಟಲೆ ಭಾರದ ಗತ್ತು ಬಂದುಬಿಡುತ್ತದೆ.

ಸರಪಳಿ

6. ಟ್ಯಾಂಕಿನಲ್ಲಿ ಅತಿ ಹೆಚ್ಚು ಸಲ ಮರುಕಳಿಸುವ ಭಾಗ ಯಾವುದು? ಸರಪಳಿಯ ಕೊಂಡಿ. ಜರ್ಮನಿಯ ಟೈಗರ್ ಟ್ಯಾಂಕಿಗೆ ಒಂದೊಂದು ಬದಿಗೆ 96, ಒಟ್ಟು 192 ಕೊಂಡಿ. ನಕ್ಷೆಯಲ್ಲಿ ಒಂದು ತಪ್ಪು ನುಸುಳಿದರೆ ಅದು 192 ಸಲ ಎರಕವಾಗುತ್ತದೆ.

7. ಒಂದೊಂದು ಪಿನ್ನಿನ ರಂಧ್ರದಲ್ಲಿ 0.1 ಮಿ.ಮೀ. ಸಡಿಲ ಉಳಿದರೂ 96 ಕೊಂಡಿಗೆ ಅದು 9.6 ಮಿ.ಮೀ. ಆಗಿ ಬೆಳೆಯುತ್ತದೆ. ಅಷ್ಟು ಸಾಕು, ತಿರುವಿನಲ್ಲಿ ಸರಪಳಿ ತನ್ನನ್ನು ಎಳೆಯುವ ಹಲ್ಲುಗಾಲಿಯಾದ ಸ್ಪ್ರಾಕೆಟ್ ಬಿಟ್ಟು ಹಾರಲು. ಅದಕ್ಕೇ ಎದುರು ತುದಿಯ ಐಡ್ಲರ್ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಬಿಗಿ ಹೊಂದಿಸುವ ಏರ್ಪಾಡು ಇರಲೇಬೇಕು.

8. ಕೊಂಡಿಗೆ ಹೊಂದುವ ಲೋಹ ಎಸ್‌ಜಿ ಐರನ್. ಮಾಮೂಲಿ ಬೀಡುಕಬ್ಬಿಣದಲ್ಲಿ ಗ್ರಾಫೈಟ್ ಹಪ್ಪಳದಂಥ ಪದರಗಳಾಗಿ ಕೂತು ಬಿರುಕಿಗೆ ದಾರಿ ಕೊಡುತ್ತದೆ. ಕರಗಿದ ಲೋಹಕ್ಕೆ ತುಸು ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಗುಂಡುಗುಂಡಗಾಗಿ ಲೋಹ ಬಗ್ಗುವ ಗುಣ ಪಡೆಯುತ್ತದೆ.

9. ಅನೇಕ ಅಸಲಿ ಟ್ಯಾಂಕುಗಳ ಕೊಂಡಿ ಮ್ಯಾಂಗನೀಸ್ ಉಕ್ಕಿನದು. ಬ್ರಿಟನ್ನಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಈ ಉಕ್ಕು ಪೆಟ್ಟು ತಿಂದಷ್ಟೂ ಗಟ್ಟಿಯಾಗುತ್ತದೆ. ಅದೇ ಕಾರಣಕ್ಕೆ ಅದಕ್ಕೆ ಡ್ರಿಲ್ ಹಾಕುವುದು ಬಲು ಕಷ್ಟ. ಮಾದರಿಗೆ ಅದರ ಗೋಜು ಬೇಡ.

ಎರಕ

10. ಉದ್ಯಮಬಾಗ, ಮಚ್ಛೆ, ಹೊನಗಾ ಎಂದರೆ ಫೌಂಡ್ರಿ. ವಾಹನ, ಪಂಪ್, ವಾಲ್ವ್‌ಗಳ ಎರಕ ಇಲ್ಲಿಂದ ದೇಶದ ಮೂಲೆಮೂಲೆಗೆ ಹೋಗುತ್ತದೆ. ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಬಳಸಿದ ಮರಳನ್ನು ಶುದ್ಧಮಾಡಿ ಮತ್ತೆ ಅಚ್ಚಿಗೆ ಕೊಡುವ ಸಾಮೂಹಿಕ ಘಟಕವನ್ನೇ ಕಟ್ಟಿಕೊಂಡಿದೆ.

11. ಮರಳಿನಲ್ಲಿ ಅಚ್ಚು ಮೂಡಿಸುವ ಪ್ರತಿರೂಪಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದನ್ನು ಮಾಡುವವರ ಅಡಿಕೋಲನ್ನು ನಿಮ್ಮ ಅಡಿಕೋಲಿನ ಪಕ್ಕ ಇಟ್ಟು ನೋಡಿ. ಅವರದು ತುಸು ಉದ್ದ! ಲೋಹ ತಣಿಯುವಾಗ ಕುಗ್ಗುತ್ತದೆ: ಬೀಡು ನೂರಕ್ಕೆ ಸುಮಾರು 1, ಅಲ್ಯೂಮಿನಿಯಂ 1.3, ಉಕ್ಕು 2. ಆ ಕುಗ್ಗನ್ನು ಅಡಿಕೋಲಿನಲ್ಲೇ ಕೂಡಿಸಿ ಗೆರೆ ಕೊರೆದಿರುತ್ತಾರೆ. ಮನಸ್ಸಿನಲ್ಲಿ ಲೆಕ್ಕ ಹಾಕುವ ಕೆಲಸವೇ ಇಲ್ಲ.

12. ನೂರಾರು ಕೊಂಡಿ ಬೇಕಾದಾಗ ಕುಗ್ಗು ಎರಡು ಸಲ ಕೂಡಿಸಬೇಕು. ಮೊದಲು ಸಾಗುವಾನಿ ಮರದ ಪ್ಯಾಟರ್ನ್. ಅದರಿಂದ ಸವೆಯದ ಅಲ್ಯೂಮಿನಿಯಂ ಪ್ಯಾಟರ್ನ್. ಅದರಿಂದ ಬೀಡಿನ ಕೊಂಡಿ. ಹಾಗಾಗಿ ಮರ ನೂರಕ್ಕೆ 2.3ರಷ್ಟು ದೊಡ್ಡದಿರಬೇಕು. ಇದನ್ನು ಮರೆತರೆ ಯಾವ ಕೊಂಡಿಯೂ ಸ್ಪ್ರಾಕೆಟ್ಟಿನ ಹಲ್ಲಿಗೆ ಕೂರುವುದಿಲ್ಲ.

13. ಇದೇ ವಿದ್ಯೆ ಖಾನಾಪುರದ ಕುಂಬಾರರಿಗೂ ಗೊತ್ತು. ಹಸಿ ಮಣ್ಣು ಒಣಗಿ, ಆವಿಗೆಯಲ್ಲಿ ಸುಟ್ಟು ಹೊರಬರುವಷ್ಟರಲ್ಲಿ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ. ಬೇಕಾದ ಗಾತ್ರಕ್ಕಿಂತ ದೊಡ್ಡದಾಗಿ ತಿಗುರಿಯಿಂದ ಇಳಿಸುವುದು ಅದಕ್ಕೇ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಖಾನಾಪುರದಲ್ಲೇ.

14. ಅಚ್ಚಿನ ಮರಳು ಹದವಾಗಿದೆಯೇ ಎಂದು ಹಳೆಯ ಕೆಲಸಗಾರರು ನೋಡುವುದು ಮುಷ್ಟಿಯಲ್ಲಿ. ಒಂದು ಹಿಡಿ ಮರಳನ್ನು ಅದುಮಿ, ಕೈ ಬಿಡಿಸಿ, ಉಂಡೆಯನ್ನು ನಡುವೆ ಮುರಿಯುತ್ತಾರೆ. ಮುರಿದ ಅಂಚು ಚೂಪಾಗಿ ನಿಂತು, ಬೆರಳಿನ ಗುರುತು ಉಂಡೆಯ ಮೇಲೆ ಸ್ಪಷ್ಟವಾಗಿ ಉಳಿದು, ಅಂಗೈಗೆ ಏನೂ ಮೆತ್ತದಿದ್ದರೆ ಹದ ಸರಿ. ನೀರಿನ ಪಾಲು ನೂರಕ್ಕೆ ಮೂರು–ನಾಲ್ಕು ಮಾತ್ರ. ಹೆಚ್ಚಾದರೆ ಕಾದ ಲೋಹ ತಾಕಿದೊಡನೆ ಆವಿ ಎದ್ದು ಎರಕದೊಳಗೆ ಗುಳ್ಳೆ ಕೂರುತ್ತದೆ. ಕಡಿಮೆಯಾದರೆ ಅಚ್ಚಿನ ಮೂಲೆ ಉದುರುತ್ತದೆ. ಕೊಂಡಿಯ ಸಣ್ಣ ಹಲ್ಲುಗಳು ಚೊಕ್ಕವಾಗಿ ಮೂಡುವುದೂ ಮೂಡದಿರುವುದೂ ಈ ಒಂದು ಮುಷ್ಟಿಯಲ್ಲೇ ನಿರ್ಧಾರವಾಗುತ್ತದೆ.

15. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರು ಎರಕದ ಭಾಗದ ಪಕ್ಕಗಳನ್ನು ನೆಟ್ಟಗೆ ನಿಲ್ಲಿಸಬಾರದು. ಒಂದೆರಡು ಡಿಗ್ರಿ ವಾಲಿಸಬೇಕು. ಇಲ್ಲದಿದ್ದರೆ ಪ್ಯಾಟರ್ನ್ ಎತ್ತುವಾಗ ಮರಳು ಕಿತ್ತು ಬರುತ್ತದೆ. ಒಳಮೂಲೆಗಳನ್ನೂ ದುಂಡಗೆ ಮಾಡಬೇಕು. ಚೂಪು ಮೂಲೆಯಲ್ಲೇ ಬಿರುಕು ಹುಟ್ಟುವುದು.

16. ಬೆಳಗಾವಿಯ ಯಮನಾಪುರದಲ್ಲಿರುವ ಹಿಂಡಾಲ್ಕೊ ಕಾರ್ಖಾನೆ ಇಂಡಾಲ್ ಆಗಿದ್ದ ಕಾಲದಲ್ಲಿ ಅಲ್ಯೂಮಿನಿಯಂ ಲೋಹವನ್ನೇ ತಯಾರಿಸುತ್ತಿತ್ತು. ಈಗ ಅಲ್ಲಿ ತಯಾರಾಗುವುದು ಅಲ್ಯೂಮಿನಾ. ಮಾದರಿಯ ಒಡಲಿಗೆ ಅಲ್ಯೂಮಿನಿಯಂ ಏಕೆ ಬೇಕು? 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕಿನ ತಗಡು 23.5 ಕಿಲೋ, ಅಷ್ಟೇ ಅಲ್ಯೂಮಿನಿಯಂ ಬರೀ 8.1 ಕಿಲೋ.

17. ತ್ರೀಡಿ ಪ್ರಿಂಟರಿನ ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಕಡು ಹಸಿರು ಬಣ್ಣ ಬಳಿದು ಏಪ್ರಿಲ್ ಬಿಸಿಲಿಗೆ ಇಟ್ಟರೆ ಫೆಂಡರ್ ಜೋತುಬಿದ್ದೀತು. ಬಿಸಿಲು ತಾಗುವ ಭಾಗಕ್ಕೆ 100 ಡಿಗ್ರಿವರೆಗೂ ತಡೆಯುವ ಎಬಿಎಸ್ ಲೇಸು.

18. ಬೆಳಗಾವಿ ಜಿಲ್ಲೆಯ ಹತ್ತರಗಿಯ ಏಕಸ್ ಆವರಣದಲ್ಲಿ ವಿಮಾನದ ಬಿಡಿಭಾಗಗಳಿಗಾಗಿ 10,000 ಟನ್ ಬಲದ ಫೋರ್ಜಿಂಗ್ ಪ್ರೆಸ್ ಇದೆ. ಅದೇ ಏಕಸ್ ಸಮೂಹ ಆಟಿಕೆಗಳನ್ನೂ ತಯಾರಿಸುತ್ತದೆ. ವಿಮಾನದ ನಿಖರತೆಯೂ ಆಟಿಕೆಯ ಅಚ್ಚೂ ಒಂದೇ ಜಿಲ್ಲೆಯಲ್ಲಿ ಕೂಡಿರುವುದು ಮಾದರಿ ಕಟ್ಟುವವರಿಗೆ ಹೆಮ್ಮೆಯ ವಿಷಯ.

ಸ್ಪ್ರಿಂಗ್, ಎಣ್ಣೆ, ಗೇರು

19. ಹಲವು ಟ್ಯಾಂಕುಗಳ ಗಾಲಿಯನ್ನು ಹೊರುವುದು ತಿರುಚಿಕೊಳ್ಳುವ ಉಕ್ಕಿನ ಸರಳು. 1934ರ ಸ್ವೀಡನ್ನಿನ ಲ್ಯಾಂಡ್ಸ್‌ವೆರ್ಕ್ ಎಲ್-60 ಟ್ಯಾಂಕಿನಲ್ಲಿ ಅದು ಮೊದಲು ಬಂತು. ಸರಳಿನ ದಪ್ಪ ನೂರಕ್ಕೆ ಹತ್ತು ಹೆಚ್ಚಿಸಿದರೆ ಬಿಗಿ ನೂರಕ್ಕೆ 46 ಏರುತ್ತದೆ. ಮಾದರಿಯಲ್ಲಿ 5 ಮಿ.ಮೀ. ಬದಲು 5.5 ಮಿ.ಮೀ. ಸರಳು ಹಾಕುವ ಮುನ್ನ ಈ ಲೆಕ್ಕ ನೆನಪಿರಲಿ.

20. ಅರ್ಜುನ್ ಟ್ಯಾಂಕಿನ 14 ಗಾಲಿಗಳಿಗೆ ಸರಳಿನ ಬದಲು ಅನಿಲ ಮತ್ತು ಎಣ್ಣೆಯ ಸಸ್ಪೆನ್ಷನ್ ಇದೆ. ಸಾರಜನಕ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಎಣ್ಣೆ ಕುಲುಕನ್ನು ತಡೆಯುತ್ತದೆ.

21. ಎಣ್ಣೆಯ ಒತ್ತಡದ ಯಂತ್ರಗಳು ಬೆಳಗಾವಿಯ ಇನ್ನೊಂದು ಹೆಸರುವಾಸಿ ಕಸುಬು. ಮಚ್ಛೆಯ ಪಾಲಿಹೈಡ್ರಾನ್ ರೇಡಿಯಲ್ ಪಿಸ್ಟನ್ ಪಂಪುಗಳಿಗೆ ಹೆಸರಾದದ್ದು. ಇಂಥ ಪಂಪಿನಲ್ಲಿ ಪಿಸ್ಟನ್ ಮತ್ತು ಅದರ ಗೂಡಿನ ನಡುವಿನ ಸಂದಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಶಿಸ್ತು ಬಲ್ಲವರಿಗೆ ಮಾದರಿ ಟ್ಯಾಂಕಿನ ಗೇರ್‌ಬಾಕ್ಸ್ ಹೊಸದೇನಲ್ಲ.

22. ಮಾದರಿ ಟ್ಯಾಂಕಿಗೆ ಸ್ಟೀರಿಂಗ್ ಇಲ್ಲ. ಎಡಕ್ಕೊಂದು, ಬಲಕ್ಕೊಂದು ಮೋಟಾರು. ಒಂದರ ವೇಗ ತಗ್ಗಿಸಿದರೆ ಬಂಡಿ ಆ ಕಡೆ ತಿರುಗುತ್ತದೆ. ಎರಡನ್ನೂ ಎದುರುಬದುರು ಓಡಿಸಿದರೆ ನಿಂತಲ್ಲೇ ಸುತ್ತುತ್ತದೆ.

23. ಮೋಟಾರು ಸುಡುವುದು ನೇರ ಓಟದಲ್ಲಲ್ಲ, ನಿಂತಲ್ಲೇ ಸುತ್ತುವಾಗ. ಸರಪಳಿಗಳೆರಡೂ ಅಡ್ಡಕ್ಕೆ ನೆಲ ಉಜ್ಜುವುದರಿಂದ ಕರೆಂಟು ಹಲವು ಪಟ್ಟು ಏರುತ್ತದೆ. ಕಂಟ್ರೋಲರನ್ನೂ ವೈರಿನ ದಪ್ಪವನ್ನೂ ಈ ಕ್ಷಣಕ್ಕೆ ತಕ್ಕಂತೆ ಆರಿಸಬೇಕು.

24. ಹಳೆಯ ಗಾಲಿಕುರ್ಚಿಯ 24 ವೋಲ್ಟ್ ಮೋಟಾರು ದೊಡ್ಡ ಮಾದರಿಗೆ ಹೇಳಿ ಮಾಡಿಸಿದಂತಿದೆ: ನಿಧಾನ, ಆದರೆ ಬಲಶಾಲಿ. ಬ್ಯಾಟರಿಗಳನ್ನು ಒಡಲಿನ ತಳದಲ್ಲಿ ಕೂರಿಸಿದರೆ ಇಳಿಜಾರಿನಲ್ಲೂ ಬಂಡಿ ಮಗುಚುವುದಿಲ್ಲ.

ರೇಡಿಯೋ

25. ರೇಡಿಯೋ ಅಲೆಯಿಂದ ವಾಹನ ನಡೆಸಿ ತೋರಿಸಿದ್ದು ನಿಕೋಲಾ ಟೆಸ್ಲಾ, 1898ರಲ್ಲಿ, ಒಂದು ಪುಟ್ಟ ದೋಣಿಯಿಂದ. ನಾಲ್ಕು ದಶಕದ ಬಳಿಕ, 1939–40ರ ಫಿನ್ಲೆಂಡ್ ಯುದ್ಧದಲ್ಲಿ ಸೋವಿಯತ್ ಸೇನೆ ಅಸಲಿ ಟ್ಯಾಂಕುಗಳನ್ನೇ ರೇಡಿಯೋದಿಂದ ಓಡಿಸಿತು.

26. ನಮ್ಮ ಡಿಆರ್‌ಡಿಒ ಕೂಡ ಹಿಂದೆ ಬಿದ್ದಿಲ್ಲ. ಆವಡಿಯ ಪ್ರಯೋಗಾಲಯ 2017ರಲ್ಲಿ ತೋರಿಸಿದ ‘ಮುಂತ್ರಾ’ ಒಳಗೆ ಯಾರೂ ಇಲ್ಲದೆ ಓಡುವ ಸರಪಳಿ ವಾಹನ. ಕಣ್ಗಾವಲಿಗೊಂದು, ನೆಲಬಾಂಬ್ ಪತ್ತೆಗೊಂದು, ವಿಕಿರಣ ಮತ್ತು ವಿಷಾನಿಲ ಇರುವ ಜಾಗಕ್ಕೊಂದು ಮಾದರಿ ಮಾಡಿದ್ದಾರೆ.

27. ಹವ್ಯಾಸಿಗಳ ರಿಮೋಟ್ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ 2005ರಿಂದ, ನಿಗದಿತ ಶಕ್ತಿಯ ಮಿತಿಯೊಳಗೆ, ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಆದರೆ ಲೋಹದ ಒಡಲು ಈ ಅಲೆಯನ್ನು ತಡೆಯುತ್ತದೆ. ಕೇವಲ 31 ಮಿ.ಮೀ. ಉದ್ದದ ಆಂಟೆನಾ ತುದಿಯನ್ನು ಒಡಲಿನ ಹೊರಗೆ, ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಅಡಗಿಸುವುದೇ ಉಪಾಯ.

28. ಸಿಗ್ನಲ್ ಕಡಿದ ಕ್ಷಣವೇ ಎರಡೂ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿರಬೇಕು. ಒಡಲಿನ ಮೇಲೆ ಕೈಗೆಟುಕುವ ಕೆಂಪು ಸ್ವಿಚ್ಚೂ ಇರಲಿ. ನೂರು ಕಿಲೋದ ಬಂಡಿ ಮಕ್ಕಳ ಗುಂಪಿನತ್ತ ನುಗ್ಗಿದರೆ ಕೈಯಿಂದ ತಡೆಯಲಾಗದು. ಈ ಎರಡು ಇಲ್ಲದ ಮಾದರಿಯನ್ನು ಮೈದಾನಕ್ಕೆ ತರಲೇಬಾರದು.

ನೆಲದ ಮೇಲೆ

29. 1:6ರ ಮಾದರಿ ನೆಲದ ಮೇಲೆ ಹಾಕುವ ಒತ್ತಡ ಅಸಲಿಯ ಆರನೇ ಒಂದು ಪಾಲು. ಮೆತ್ತನೆ ನೆಲದಲ್ಲಿ ಅದು ಹೂತುಹೋಗುವುದು ಕಡಿಮೆ. ಆದರೆ ಕಲ್ಲು, ಹುಲ್ಲು ಕುಗ್ಗಿರುವುದಿಲ್ಲವಲ್ಲ! ಅಸಲಿ ಟ್ಯಾಂಕ್ ಲೆಕ್ಕಿಸದ ಒಂದು ಬೆಣಚುಕಲ್ಲು ಮಾದರಿಯ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಪಿನ್ನು ಬಾಗುತ್ತದೆ.

30. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಳೆ ಹಿಡಿದರೆ ಅಲ್ಲಿಯ ಕೆಂಪು ಮಣ್ಣು ಗಾಲಿಗೂ ಸರಪಳಿಗೂ ನಡುವೆ ಮೆತ್ತಿ ಇಟ್ಟಿಗೆಯಾಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲುಗಳ ಬುಡದಲ್ಲಿ ರಂಧ್ರ ಬಿಟ್ಟರೆ ಮಣ್ಣು ತಾನೇ ಹೊರಬೀಳುತ್ತದೆ.

31. ಕಟ್ಟುವುದನ್ನು ಎಲ್ಲಿಂದ ಶುರುಮಾಡಬೇಕು? ಎಲ್ಲರ ಕಣ್ಣು ತೋಪಿನ ಮೇಲೆ. ಆದರೆ ಸ್ಪ್ರಾಕೆಟ್, ಐಡ್ಲರ್, ಗಾಲಿಗಳ ಅಂತರ, ಒಡಲಿನ ಉದ್ದ ಎಲ್ಲವೂ ಒಂದು ಕೊಂಡಿಯ ಪಿನ್ನಿನಿಂದ ಪಿನ್ನಿಗಿರುವ ಅಂತರದ ಮೇಲೆ ನಿಂತಿವೆ. ಮೊದಲು ಕೊಂಡಿ, ಕೊನೆಗೆ ತೋಪು.

32. ಗೋಗಟೆ ತಾಂತ್ರಿಕ ವಿದ್ಯಾಲಯ ಮತ್ತು ಕೆಎಲ್‌ಇ ಶೇಷಗಿರಿ ಎಂಜಿನಿಯರಿಂಗ್ ಕಾಲೇಜು ಎರಡೂ ಇರುವುದು ಫೌಂಡ್ರಿಗಳ ನಡುವೆ, ಉದ್ಯಮಬಾಗದಲ್ಲೇ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮಚ್ಛೆಯಲ್ಲಿದೆ. ಕುಗ್ಗು, ಸಡಿಲ, ಗೇರು, ಕರೆಂಟು, ರೇಡಿಯೋ – ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಪುಸ್ತಕದಲ್ಲಿ ಬೇರೆಬೇರೆಯಾಗಿ ಓದುವುದನ್ನೆಲ್ಲ ಈ ಒಂದು ಮಾದರಿ ಕೈಗೆ ಕಲಿಸುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಹುಡುಗರೇ, ಹುಡುಗಿಯರೇ, ಕೊಂಡಿಯ ನಕ್ಷೆ ಹಿಡಿದು ಪ್ಯಾಟರ್ನ್ ಮಾಡುವವರ ಬಳಿ ಹೋಗಿ, ಅವರ ಮಾತು ಕೇಳಿ ನಕ್ಷೆ ತಿದ್ದಿ. 192 ಕೊಂಡಿಗೆ ಆರ್ಡರ್ ಕೊಡುವ ಮುನ್ನ ಹತ್ತನ್ನೇ ಎರಕ ಹೊಯ್ಸಿ, ಪಿನ್ನು ಪೋಣಿಸಿ, ಸ್ಪ್ರಾಕೆಟ್ ಮೇಲೆ ಒಂದು ಸುತ್ತು ತಿರುಗಿಸಿ ನೋಡಿ. ಆ ಹತ್ತು ಸಲೀಸಾಗಿ ತಿರುಗಿದರೆ ಉಳಿದ 182ಕ್ಕೆ ಧೈರ್ಯವಾಗಿ ಹೇಳಬಹುದು.