ಮನೆಯ ಕಸವನ್ನು ಮೂಲದಲ್ಲಿಯೇ ಬೇರ್ಪಡಿಸುವುದು: ನಾಗರಿಕರಿಗೆ ಮಾಹಿತಿ

ಘನತ್ಯಾಜ್ಯವನ್ನು ಸಂಗ್ರಹಿಸಿ ವೈಜ್ಞಾನಿಕವಾಗಿ ವಿಲೇವಾರಿ ಮಾಡುವುದು ನಗರ ಸ್ಥಳೀಯ ಸಂಸ್ಥೆಗಳ ಹಾಗೂ ಗ್ರಾಮ ಪಂಚಾಯಿತಿಗಳ ಕರ್ತವ್ಯವಾಗಿದೆ. ಆದರೆ ಒಮ್ಮೆ ಬೆರೆತ ಕಸವನ್ನು ಮತ್ತೆ ಪೂರ್ಣವಾಗಿ ಬೇರ್ಪಡಿಸುವುದು ಯಾವ ಸಂಸ್ಥೆಗೂ ಸಾಧ್ಯವಾಗದು. ಸಾರು ಚೆಲ್ಲಿದ ಕಾಗದವು ಮರುಬಳಕೆಗೆ ಬಾರದು. ಗಾಜಿನ ಚೂರು ಸೇರಿದ ತರಕಾರಿ ಸಿಪ್ಪೆಯಿಂದ ಉತ್ತಮ ಗೊಬ್ಬರವಾಗದು. ಆದ್ದರಿಂದ ಕಸ ವಿಂಗಡಣೆಯು ಮನೆಯಲ್ಲಿಯೇ ನಡೆಯುವುದು ಅತ್ಯಗತ್ಯ.

ಹಿನ್ನೆಲೆ

ಬೆಂಗಳೂರು ನಗರದ ಕಸವನ್ನು ಹಲವು ವರ್ಷಗಳ ಕಾಲ ಹೊರವಲಯದ ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಬಳಿ ಸುರಿಯಲಾಗುತ್ತಿತ್ತು. ಗಾಳಿಯಾಡದ ರಾಶಿಯಲ್ಲಿ ಹಸಿ ಕಸ ಕೊಳೆತಾಗ ಮೀಥೇನ್ ಅನಿಲ ಉತ್ಪತ್ತಿಯಾಗಿ ಬೆಂಕಿಯ ಅಪಾಯವುಂಟಾಗುತ್ತದೆ. ರಾಶಿಯಿಂದ ಒಸರುವ ಕೊಳೆ ನೀರು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. ಗ್ರಾಮಸ್ಥರ ಪ್ರತಿಭಟನೆಗಳ ನಂತರ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಕಸ ಸುರಿಯುವುದು ನಿಂತಿತು. ಒಂದು ಮನೆಯವರು ಬೆರೆಸಿ ಹೊರಹಾಕಿದ ಕಸದ ಕಷ್ಟವನ್ನು ಮತ್ತೊಂದು ಊರಿನವರು ಅನುಭವಿಸಬೇಕಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ರಾಜ್ಯ ಉಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಪಾಲಿಸುವಂತೆ ಆದೇಶಿಸಿತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂಲದಲ್ಲಿಯೇ ವಿಂಗಡಿಸುವ ಹೊಣೆಯನ್ನು ದೇಶದಾದ್ಯಂತ ಕಸ ಉತ್ಪಾದಿಸುವವರ ಮೇಲೆಯೇ ಹೊರಿಸಿದವು.

ವಿಂಗಡಿಸುವ ವಿಧಾನ

1. ಹಸಿ ಕಸ: ಉಳಿದ ಆಹಾರ, ತರಕಾರಿ ಮತ್ತು ಹಣ್ಣಿನ ಸಿಪ್ಪೆ, ಕಾಫಿ ಮತ್ತು ಚಹಾ ಚರಟ, ಬಾಡಿದ ಹೂವು. ಇದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಬುಟ್ಟಿಯಲ್ಲಿಯೇ ನೀಡತಕ್ಕದ್ದು.

2. ಒಣ ಕಸ: ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜಿನ ಬಾಟಲಿ. ಹಾಲಿನ ಕವರುಗಳನ್ನು ತೊಳೆದು ಒಣಗಿಸಿ ಚೀಲದಲ್ಲಿ ಹಾಕತಕ್ಕದ್ದು.

3. ನೈರ್ಮಲ್ಯ ತ್ಯಾಜ್ಯ: ಡಯಾಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜು. ಇವುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಗುರುತು ಹಾಕಿ ಪ್ರತ್ಯೇಕವಾಗಿ ನೀಡತಕ್ಕದ್ದು.

4. ಅಪಾಯಕಾರಿ ತ್ಯಾಜ್ಯ: ಬಲ್ಬು, ಬ್ಯಾಟರಿ, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿ. ಇವು ಇತರ ಕಸದೊಂದಿಗೆ ಸೇರಬಾರದು.

ಕಸವನ್ನು ಕೈಯಿಂದ ಮುಟ್ಟುವವರು ಪೌರಕಾರ್ಮಿಕರು ಎಂಬುದನ್ನು ಗಮನದಲ್ಲಿಡಬೇಕು. ಸುತ್ತದೆ ಎಸೆದ ಬ್ಲೇಡು, ಸೂಜಿ ಅಥವಾ ಒಡೆದ ಗಾಜು ಅವರಿಗೆ ಗಾಯವನ್ನೂ ಸೋಂಕನ್ನೂ ಉಂಟುಮಾಡಬಹುದು.

ಕಸದ ಪ್ರಮಾಣವನ್ನು ತಗ್ಗಿಸುವುದು

ಉತ್ಪತ್ತಿಯೇ ಆಗದ ಕಸಕ್ಕೆ ವಿಲೇವಾರಿಯ ವೆಚ್ಚವಿಲ್ಲ. ನಮ್ಮ ಮನೆಗಳ ಕಸದಲ್ಲಿ ಹಸಿ ಕಸದ ಪಾಲೇ ದೊಡ್ಡದು. ರಂಧ್ರಗಳಿರುವ ಮಡಕೆ ಅಥವಾ ಡ್ರಮ್ಮಿನಲ್ಲಿ ಹಸಿ ಕಸ ಮತ್ತು ಒಣ ಎಲೆಗಳನ್ನು ಪದರವಾಗಿ ಹಾಕಿ, ಆಗಾಗ್ಗೆ ಕೈಯಾಡಿಸಿದಲ್ಲಿ ಸುಮಾರು ಎರಡು ತಿಂಗಳಲ್ಲಿ ಗೊಬ್ಬರ ದೊರೆಯುತ್ತದೆ. ದುರ್ವಾಸನೆ ಬಂದಲ್ಲಿ ತೇವಾಂಶ ಹೆಚ್ಚಾಗಿದೆ ಎಂದರ್ಥ. ಆಗ ಒಣ ಎಲೆಯನ್ನು ಇನ್ನಷ್ಟು ಸೇರಿಸಬೇಕು.

ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ಬಾಳೆ ಎಲೆ ಮತ್ತು ಸ್ಟೀಲ್ ಲೋಟಗಳ ಬಳಕೆ ಸೂಕ್ತ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಸಂತೆಗೆ ಹೋಗುವಾಗ ಮನೆಯಿಂದಲೇ ಬಟ್ಟೆಯ ಚೀಲವನ್ನು ಒಯ್ಯುವುದು ಉತ್ತಮ.

ಸೇವೆ ಪಡೆಯುವ ಬಗೆ

ವಿಂಗಡಿಸಿದ ಕಸವನ್ನು ಮನೆ ಬಾಗಿಲಿಗೆ ಬರುವ ವಾಹನಕ್ಕೇ ನೀಡತಕ್ಕದ್ದು. ರಸ್ತೆ, ಚರಂಡಿ, ಖಾಲಿ ನಿವೇಶನಗಳಲ್ಲಿ ಎಸೆಯಬಾರದು, ಸುಡಬಾರದು. ನಗರಗಳಲ್ಲಿ ಒಣ ಕಸವನ್ನು ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳಿಗೂ ತಲುಪಿಸಬಹುದು. ಗ್ರಾಮಾಂತರ ಪ್ರದೇಶಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಘಟಕಗಳು ಒಣ ಕಸವನ್ನು ನಿರ್ವಹಿಸುತ್ತವೆ. ಇಂತಹ ಹಲವು ಘಟಕಗಳನ್ನು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ನಡೆಸುತ್ತಿದ್ದು, ಕಸ ಶುದ್ಧವಾಗಿ ಬಂದಷ್ಟೂ ಅದರ ಮಾರಾಟದಿಂದ ದೊರೆಯುವ ಆದಾಯ ಹೆಚ್ಚುತ್ತದೆ.

ವಾಹನ ಬಾರದಿದ್ದಲ್ಲಿ ಅಥವಾ ವಿಂಗಡಿಸಿ ನೀಡಿದ ಕಸವನ್ನು ಮತ್ತೆ ಬೆರೆಸಿ ಒಯ್ಯುತ್ತಿರುವುದು ಕಂಡುಬಂದಲ್ಲಿ, ಸ್ಥಳ ಮತ್ತು ದಿನಾಂಕವನ್ನು ನಮೂದಿಸಿ ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಗೆ ಅಥವಾ ಗ್ರಾಮ ಪಂಚಾಯಿತಿ ಕಚೇರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಸ್ವಚ್ಛ ಪರಿಸರಕ್ಕಾಗಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.