ಚರಗ ಚೆಲ್ಲುವ ದಿನ ಮಣ್ಣಿನ ಮೈ ನೋಡಿರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಹೊಲವೆಂದರೆ ಬರೀ ಆಸ್ತಿಯಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಿಂದಲೇ ಎತ್ತು ಮಾಡಿ ಪೂಜಿಸುತ್ತೇವೆ. ಶೀಗಿ ಹುಣ್ಣಿಮೆಗೆ ಭೂತಾಯಿ ಬಸುರಿ ಅಂತ ತಿಳಿದು, ಮನೆಮಗಳ ಬಯಕೆ ತೀರಿಸಿದ ಹಾಗೆ, ಕಡುಬು, ಹೋಳಿಗೆ, ಪಲ್ಯ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತೇವೆ. ಆದರೆ ಬಸುರಿಗೆ ಉಣ್ಣಿಸಿದರಷ್ಟೇ ಸಾಕೇನ್ರಿ? ಮೈಯಾಗ ಹುಷಾರಿದ್ದಾಳೋ ಇಲ್ಲವೋ ನೋಡಬೇಡವೇ?

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಎರೆಭೂಮಿಗೆ ನೀರು ಬಂತು, ಕಬ್ಬು ಬಂತು, ಕೈಯಾಗ ರೊಕ್ಕವೂ ಬಂತು. ಒಳ್ಳೆಯದೇ ಆಯಿತು. ಆದರೆ ನೀರು ಹೆಚ್ಚಾದಷ್ಟೂ ಬೆಳೆ ಹೆಚ್ಚೆಂದು ತಿಳಿದು ಹರಿನೀರು ಬಿಡುತ್ತ ಹೋದದ್ದರಿಂದ ಎಷ್ಟೋ ಹೊಲಗಳು ಸವಳು-ಜವಳಿಗೆ ತುತ್ತಾಗಿವೆ.

ಇದು ಹೇಗಾಗುತ್ತದೆ ಕೇಳಿರಿ. ಎರೆಮಣ್ಣು ಜಿಗುಟು, ನೀರು ಬೇಗ ಬಸಿಯುವುದಿಲ್ಲ. ಒಳಗೆ ನಿಂತ ನೀರು ಮೇಲೇರಿ ಬೇರಿನ ಉಸಿರು ಕಟ್ಟಿಸುತ್ತದೆ. ಇದು ಜವಳು. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಇದು ಸವಳು.

ಚರಗ ಚೆಲ್ಲುತ್ತ ಹೊಲ ಸುತ್ತಿದರೆ ಪೂಜೆಯೂ ಆಗುತ್ತದೆ, ಮೂಲೆಮೂಲೆಯೂ ಕಣ್ಣಿಗೆ ಬೀಳುತ್ತದೆ. ಬದುವಿನ ಮೇಲೆ ನಿಂತು ನಾಲ್ಕು ತುತ್ತು ಎಸೆದು ಮರಳಬೇಡಿರಿ. ಹೆಪ್ಪಿನ ಮೇಲೆ ಬಿಳಿ ಪುಡಿ ಕಾಣುತ್ತದೆಯೇ? ಬಿತ್ತಿದ ಬೀಜ ಅಲ್ಲಲ್ಲಿ ಹುಟ್ಟಿಲ್ಲವೇ? ಎಲೆಯ ತುದಿ ಸುಟ್ಟಂತಿದೆಯೇ? ಕಳೆ ತೆಗೆಯುವ ತಾಯಂದಿರಿಗೆ ಇದು ಮೊದಲು ಗೊತ್ತಾಗುತ್ತದೆ. ಅವರನ್ನು ಕೇಳಿರಿ.

ಅನುಮಾನ ಬಂದರೆ ಬೆಳೆ ಕೊಯ್ದ ಮೇಲೆ ಹತ್ತಾರು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋದಷ್ಟು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಕೆಟ್ಟ ತುಂಡಿನ ಮಣ್ಣು ಬೇರೆ ಚೀಲದಲ್ಲಿರಲಿ. ರಸಸಾರ 8.5 ದಾಟಿದ ಕರ್ಲು ಭೂಮಿಗೆ ಜಿಪ್ಸಂ ಬೇಕಾಗುತ್ತದೆ. ಎಷ್ಟು ಅನ್ನುವುದನ್ನು ಪರೀಕ್ಷೆಯೇ ಹೇಳಬೇಕು. ನೀರು ಬಸಿದುಹೋಗಲು ಹಾದಿ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಫಲವಿಲ್ಲ. ಆದ್ದರಿಂದ ಮೊದಲು ಬಸಿಗಾಲುವೆ ತೋಡಿರಿ. ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿರಿ. ಕಬ್ಬಿನ ರವದಿ ಸುಡದೆ ಸಾಲಿನಲ್ಲಿ ಹೊದಿಸಿರಿ. ತೇವ ಉಳಿಯುತ್ತದೆ, ಉಪ್ಪು ಮೇಲೇರುವುದು ಕಡಿಮೆಯಾಗುತ್ತದೆ. ಹನಿ ನೀರಾವರಿಯಾದರೆ ಇನ್ನೂ ಚಲೋ.

ಒಂದು ಮಾತು ಮರೆಯಬೇಡಿರಿ. ನೀರಿಗೆ ಬದುವಿನ ಹಂಗಿಲ್ಲ. ಮೇಲಿನ ಹೊಲದವರು ಬಿಟ್ಟ ನೀರು ಕೆಳಗಿನವರ ಹೊಲವನ್ನು ಜವಳು ಮಾಡುತ್ತದೆ. ಕೆಳಗಿನವರು ಹಾದಿ ಕೊಡದಿದ್ದರೆ ಮೇಲಿನವರ ಬಸಿಗಾಲುವೆ ಅಲ್ಲಿಗೇ ನಿಲ್ಲುತ್ತದೆ. ಅಣ್ಣತಮ್ಮಂದಿರು, ನೆರೆಯವರು ಕೂಡಿ ಹಳ್ಳದವರೆಗೆ ಒಂದೇ ಕಾಲುವೆ ತೋಡಿದರೆ ಎಲ್ಲರ ಹೊಲವೂ ಉಳಿಯುತ್ತದೆ. ಭೂಮಿಯನ್ನು ತಾಯಿ ಅಂದ ಮೇಲೆ ಅವಳ ಆರೈಕೆಯೂ ಮಕ್ಕಳೆಲ್ಲರ ಪಾಲಿಗೆ ಬಂದದ್ದೇ ಅಲ್ಲವೇ?