ಯೀಸ್ಟ್ ಎಣಿಕೆಗೆ ಸಾವಿರ ಪಟ್ಟಿನ ಸೂಕ್ಷ್ಮದರ್ಶಕ ಬೇಕೇ?

ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳಲ್ಲಿ, ಸೂಕ್ಷ್ಮದರ್ಶಕದ ವರ್ಧನೆ, ಅಂದರೆ ವಸ್ತುವನ್ನು ಹಿಗ್ಗಿಸಿ ತೋರಿಸುವ ಶಕ್ತಿ, ಹೆಚ್ಚಿದಷ್ಟೂ ಯೀಸ್ಟ್ ಕೋಶಗಳ ಎಣಿಕೆ ನಿಖರವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಇದು ತಪ್ಪು. ಬಿಯರಿನ ಯೀಸ್ಟ್ ಕೋಶದ ವ್ಯಾಸ ಸಾಮಾನ್ಯವಾಗಿ 5ರಿಂದ 10 ಮೈಕ್ರೋಮೀಟರ್ ಇರುವುದರಿಂದ, 10 ಪಟ್ಟಿನ ನೇತ್ರಮಸೂರವೂ 40 ಪಟ್ಟಿನ ವಸ್ತುಮಸೂರವೂ ಸೇರಿ ಕೊಡುವ 400 ಪಟ್ಟು ವರ್ಧನೆಯಲ್ಲಿ ಕೋಶವಷ್ಟೇ ಅಲ್ಲದೆ ಅದರ ಮಗ್ಗುಲಲ್ಲಿ ಮೂಡಿದ ಮರಿಮೊಗ್ಗು ಕೂಡ ಸ್ಪಷ್ಟವಾಗಿ ಕಾಣುತ್ತದೆ. 1000 ಪಟ್ಟಿಗೆ ಬೇಕಾದ 100ರ ವಸ್ತುಮಸೂರವನ್ನು ಎಣ್ಣೆಯ ಹನಿಯೊಂದಿಗೆ ಗಾಜಿಗೆ ತೀರ ಸಮೀಪಕ್ಕೆ ಇಳಿಸಬೇಕಾಗುತ್ತದೆ. ಎಣಿಕೆಯ ಗಾಜಿನ ದಪ್ಪ ಮುಚ್ಚಳ ಅದಕ್ಕೆ ಎಡೆಗೊಡುವುದಿಲ್ಲವಾದ್ದರಿಂದ ಆ ಮಸೂರಕ್ಕೆ ತೆತ್ತ ಹಣ ಈ ಕೆಲಸದ ಮಟ್ಟಿಗೆ ದಂಡವೇ ಸರಿ. ಅದೇ ಹಣವನ್ನು ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಹಾಗೂ ಆ ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಡಯಾಫ್ರಂ ಇರುವ ಉಪಕರಣಕ್ಕೆ ಹಾಕುವುದು ಲೇಸು, ಏಕೆಂದರೆ ಬಣ್ಣವಿಲ್ಲದ ಯೀಸ್ಟ್ ಪ್ರಖರ ಬೆಳಕಿನಲ್ಲಿ ಕರಗಿಹೋದಂತೆ ಕಂಡು, ಐರಿಸ್ ತುಸು ಮುಚ್ಚಿದೊಡನೆ ಕಪ್ಪು ಅಂಚಿನೊಂದಿಗೆ ಎದ್ದು ತೋರುತ್ತದೆ.

ಸಾಮಾನ್ಯ ಸ್ಲೈಡಿನ ಮೇಲೆ ಹನಿ ಹಾಕಿ ಎಣಿಸಿದರೆ ಸಾಕೆಂಬುದು ಇನ್ನೊಂದು ತಪ್ಪು ಕಲ್ಪನೆ. ಎಷ್ಟು ದ್ರವದಲ್ಲಿ ಅಷ್ಟು ಕೋಶಗಳಿವೆ ಎಂಬುದು ಗೊತ್ತಿಲ್ಲದೆ ಸಂಖ್ಯೆಗೆ ಅರ್ಥವಿಲ್ಲ. ರಕ್ತಕಣಗಳ ಎಣಿಕೆಗೆಂದು ರೂಪುಗೊಂಡ ಹೀಮೋಸೈಟೋಮೀಟರ್ ಎಂಬ ಗೆರೆ ಕೊರೆದ ಗಾಜು ಈ ಕೊರತೆಯನ್ನು ನೀಗಿಸುತ್ತದೆ: ಅದರ ಪ್ರಚಲಿತವಾದ ಸುಧಾರಿತ ನ್ಯೂಬಾವರ್ ಮಾದರಿಯಲ್ಲಿ ನಡುವಿನ ಚೌಕ 1 ಚದರ ಮಿಲಿಮೀಟರ್, ಆಳ 0.1 ಮಿಲಿಮೀಟರ್ ಇದ್ದು, ಅಲ್ಲಿ ನಿಲ್ಲುವ ದ್ರವ ಮಿಲಿಲೀಟರಿನ 10,000ದಲ್ಲಿ ಒಂದು ಪಾಲು. ಆ ಚೌಕದ 25 ಮನೆಗಳಲ್ಲಿ ಐದನ್ನು ಎಣಿಸಿದಾಗ 200 ಕೋಶಗಳು ಸಿಕ್ಕರೆ, ಮಾದರಿಯನ್ನು ಮೊದಲೇ 100 ಪಟ್ಟು ತೆಳುವಾಗಿಸಿದ್ದ ಪಕ್ಷದಲ್ಲಿ, 200ನ್ನು 5ರಿಂದಲೂ 10,000ದಿಂದಲೂ 100ರಿಂದಲೂ ಗುಣಿಸಿ ಮಿಲಿಲೀಟರಿಗೆ 100 ಕೋಟಿ ಎಂಬ ಲೆಕ್ಕ ಬರುತ್ತದೆ. ದಪ್ಪ ಮುಚ್ಚಳದ ಬದಲು ಸಾಮಾನ್ಯ ಕವರ್ ಸ್ಲಿಪ್ ಹೊದಿಸಿದರೆ ಅದು ಬಾಗಿ ಆಳವೇ ಬದಲಾಗುವುದರಿಂದ ಲೆಕ್ಕವೆಲ್ಲ ಕೆಡುತ್ತದೆ.

ಕಂಡ ಕೋಶಗಳೆಲ್ಲ ಜೀವಂತ ಎಂದು ತಿಳಿಯುವುದೂ ಸರಿಯಲ್ಲ. ಮೆಥಿಲೀನ್ ಬ್ಲೂ ಬೆರೆಸಿದಾಗ ಸತ್ತ ಕೋಶಗಳು ನೀಲಿಯಾಗಿ ಉಳಿಯುತ್ತವೆ, ಜೀವಂತ ಕೋಶಗಳು ಆ ಬಣ್ಣವನ್ನು ಬಣ್ಣರಹಿತ ರೂಪಕ್ಕೆ ತಿರುಗಿಸಿಬಿಡುತ್ತವೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಉಳಿಯುವ ದೋಷ ಮಸೂರದ್ದಲ್ಲ, ಆಕಸ್ಮಿಕದ್ದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1907ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಈ ಎಣಿಕೆಯ ದೋಷ. ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜವಾದ್ದರಿಂದ, 100 ಕೋಶ ಎಣಿಸಿದವನ ಲೆಕ್ಕದಲ್ಲಿ ಸುಮಾರು ಶೇಕಡಾ 10ರಷ್ಟು, 400 ಎಣಿಸಿದವನಲ್ಲಿ ಶೇಕಡಾ 5ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ತಗ್ಗಿಸಲು ಇನ್ನಷ್ಟು ಮನೆಗಳನ್ನು ಎಣಿಸಬೇಕೇ ಹೊರತು ದೊಡ್ಡ ಮಸೂರ ಕೊಂಡು ಪ್ರಯೋಜನವಿಲ್ಲ.